ನಿಮ್ಮ ಪಾಲು ನಿಮ್ಮಿಷ್ಟ, ಮಕ್ಕಳ ಪಾಲು ಹಾಗಲ್ಲ

ನಾನು ಆಪ್ತಸಲಹೆಗಾರ್ತಿ. ಆಸ್ತಿ ಪಾಲಿನ ದಾವೆ ಬಿದ್ದ ಮನೆಯ ಹೆಂಗಸರು ನನ್ನ ಹತ್ತಿರ ಕಾನೂನು ಕೇಳೋಕೆ ಬರಲ್ಲ. ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅಂತ ಬರುತ್ತಾರೆ. ಜಯಮ್ಮನೂ (ಹೆಸರು ಬದಲಿಸಿದ್ದೇನೆ) ಹಾಗೇ ಬಂದರು. ಗಂಡ ಇಲ್ಲ, ಇಬ್ಬರು ಮಕ್ಕಳು. ಮೈದುನ ದಾವೆ ಹಾಕಿದ್ದಾನೆ, ಒಂದಿಷ್ಟು ದುಡ್ಡು ತಗೊಂಡು ರಾಜಿಗೆ ಸಹಿ ಹಾಕಿ ಅಂತ ಒತ್ತಾಯ.

ಎರಡನೇ ಸಲ ಏಳನೇ ಕ್ಲಾಸಿನ ಮಗಳನ್ನೂ ಕರೆತಂದಿದ್ದರು. "ಎಲ್ಲಾ ಬರೆದುಕೊಟ್ಟು ತವರಿಗೆ ಹೋಗಿಬಿಡ್ತೀನಿ ಮೇಡಂ, ನೆಮ್ಮದಿ ಸಾಕು" ಅಂತ ಜಯಮ್ಮ ಅಳುತ್ತಿದ್ದರೆ ಹುಡುಗಿ ಮೇಜಿನ ಮೇಲಿದ್ದ ದಾವೆ ಪ್ರತಿ ಓದುತ್ತಾ ಕೂತಿದ್ದಳು. "ಅಮ್ಮಾ, ಇದ್ರಲ್ಲಿ ನನ್ನ ಹೆಸರೂ ಇದೆ" ಅಂದಳು. ಹೌದು, ಎರಡನೇ ಪ್ರತಿವಾದಿ ಅವಳು, ಮೂರನೆಯವನು ಅವಳ ತಮ್ಮ. ಇಬ್ಬರ ಹೆಸರಿನ ಪಕ್ಕದಲ್ಲೂ 'ಮೈನರ್, ಗಾರ್ಡಿಯನ್ ತಾಯಿ' ಅಂತ ಟೈಪ್ ಆಗಿತ್ತು.

ನಿಮ್ಮ ಪಾಲು ಬಿಡೋದು ನಿಮ್ಮಿಷ್ಟ, ಮಕ್ಕಳದ್ದನ್ನ ನೀವೊಬ್ಬರೇ ಬಿಡೋಕಾಗಲ್ಲ ಅಂದೆ.

"ಹೆತ್ತವಳಿಗಿಂತ ಕೋರ್ಟಿಗೆ ಜಾಸ್ತಿ ಗೊತ್ತಾ?" ಅಂದರು ಜಯಮ್ಮ, ಸಿಟ್ಟಿನಿಂದಲೇ.

ಆಪ್ತಸಲಹೆಗಾರರಿಗೆ ಕಾನೂನು ಯಾಕೆ, ಮನಸ್ಸು ಹಗುರ ಮಾಡಿ ಕಳಿಸಿದರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಸಿಪಿಸಿ (ಸಿವಿಲ್ ದಾವೆ ಹೇಗೆ ನಡೀಬೇಕು ಅಂತ ಹೇಳುವ ಕಾನೂನು) ಆರ್ಡರ್ 32, ರೂಲ್ 7ರ ಪ್ರಕಾರ ಮೈನರ್ ಪರವಾಗಿ ರಾಜಿ ಆಗಬೇಕಾದರೆ ಕೋರ್ಟಿನ ಅನುಮತಿ ಬೇಕು, ಇದರಿಂದ ಮಕ್ಕಳಿಗೆ ಒಳ್ಳೆಯದು ಅಂತ ಗಾರ್ಡಿಯನ್ ಅಫಿಡವಿಟ್ ಕೊಡಬೇಕು, ವಕೀಲರಿದ್ದರೆ ಅವರೂ ಸರ್ಟಿಫಿಕೇಟ್ ಕೊಡಬೇಕು. ಅನುಮತಿ ಇಲ್ಲದ ರಾಜಿಯನ್ನು ಆ ಮಕ್ಕಳು ಮುಂದೆ ಒಪ್ಪದೇ ಇರಬಹುದು. ಅಂದರೆ ಜಯಮ್ಮ ಯಾವ ನೆಮ್ಮದಿಗೆ ಸಹಿ ಹಾಕಲು ಹೊರಟಿದ್ದರೋ ಅದು ಮಗಳು ದೊಡ್ಡವಳಾದ ಮೇಲೆ ಮತ್ತೆ ಕೋರ್ಟ್ ಮೆಟ್ಟಿಲು ಹತ್ತಬಹುದು, ಆಗ ಎದುರಿಗೆ ನಿಲ್ಲೋದು ಸ್ವಂತ ಮಗಳೇ! ಇದನ್ನ ಹೇಳದೆ ಸುಮ್ನೆ ಉಸಿರಾಟದ ಅಭ್ಯಾಸ ಕಲಿಸಿ ಕಳಿಸಲಾ?

ಗಾರ್ಡಿಯನ್ ಆಗುವವರ ಹಿತ ಮಗುವಿನ ಹಿತಕ್ಕೆ ಎದುರಾಗಿರಬಾರದು. ಹಾಗಾಗಿ "ಚಿಕ್ಕಪ್ಪನೇ ನೋಡ್ಕೊಳ್ತಾನೆ ಬಿಡಿ" ಅನ್ನೋ ಮಾತಿಗೆ ಇಲ್ಲಿ ಬೆಲೆಯಿಲ್ಲ, ದಾವೆ ಹಾಕಿದವನೇ ಅವನಲ್ವಾ. ಮನೆಯಲ್ಲಿ ಅರಳುಮರಳಾಗಿ ತನ್ನ ಹಿತ ತಾನೇ ಕಾಯಲಾಗದ ಅಜ್ಜಿ ಇದ್ದರೆ ಅವರ ವಿಷಯದಲ್ಲೂ ಇದೇ ನಿಯಮ, ಅದೇ ಆರ್ಡರಿನ ರೂಲ್ 15. ಆದರೆ ಅಜ್ಜಿಗೆ ನಿಜವಾಗಿ ಆಗಲ್ಲವಾ ಅಂತ ಕೋರ್ಟ್ ಮೊದಲು ವಿಚಾರಿಸಬೇಕು, ಮನೆಯವರು ಹೇಳಿದರೆ ಸಾಲದು.

ವಕೀಲರ ಫೀಸಿಗೆ ದುಡ್ಡಿಲ್ಲ ಅಂದರು. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದೆ, ಕಾನೂನು ನೆರವಿನ ಸಹಾಯವಾಣಿ 15100 ನಂಬರನ್ನೂ ಬರೆದುಕೊಟ್ಟೆ.

ಮಾತುಕತೆ ಇನ್ನೂ ನಡೀತಿದೆ, ಈಗ ಜಯಮ್ಮನ ಪಾಲಿನ ಬಗ್ಗೆ ಮಾತ್ರ.