“ಎಲ್ಲಾ ಐಪಿ ನನ್ನ ತಲೇಲೇ ಇದೆ, ಮೇಡಂ”

ಬೆಂಗಳೂರಲ್ಲಿ ಆಪ್ತಸಲಹೆಗೆ ಕೂತ ಮೇಲೆ ಐಟಿಯವರು ಬರದೆ ಇರ್ತಾರಾ? ಅವರಲ್ಲಿ ಒಂದು ಗುಂಪು ನನ್ನನ್ನು ಜಾಸ್ತಿ ಕಾಡುತ್ತದೆ. ಐವತ್ತು-ಅರವತ್ತು ಜನರ ಆಫೀಸಿನಲ್ಲಿ ಪ್ರಿಂಟರಿನಿಂದ ಸರ್ವರ್ ತನಕ ಒಬ್ಬರೇ ನೋಡಿಕೊಳ್ಳುವವರು. ಗುರುತು ಸಿಗದಂತೆ ವಿವರ ಬದಲಿಸಿ ಅಂಥ ಒಬ್ಬರ ವಿಷಯ ಬರೆಯುತ್ತಿದ್ದೇನೆ.

ನಿದ್ದೆ ಇಲ್ಲ, ಫೋನ್ ಸದ್ದಾದರೆ ಎದೆ ಡವಡವ. ಶುರುವಾಗಿದ್ದು ಆಫೀಸಿನ ನೆಟ್‌ವರ್ಕ್ ಬದಲಿಸಿದ ಮೇಲೆ. ಆಫೀಸಿನ ಮೆಷಿನ್‌ಗಳ ಐಪಿ ವಿಳಾಸಗಳು, ಅಂದರೆ ನೆಟ್‌ವರ್ಕ್‌ನಲ್ಲಿ ಒಂದೊಂದನ್ನೂ ಗುರುತಿಸುವ ನಂಬರುಗಳು, 192.168.1 ಸರಣಿಯಲ್ಲಿದ್ದವು. ಎಷ್ಟೋ ಮನೆಗಳ ರೂಟರ್‌ನಲ್ಲೂ ಅದೇ ಸರಣಿ. ಹಾಗಾಗಿ ಮನೆಯಿಂದ ವಿಪಿಎನ್‌ನಲ್ಲಿ (ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕ್ ಸೇರುವ ದಾರಿ) ಬರುವವರಿಗೆ ಸರ್ವರ್ ಸಿಗುತ್ತಿರಲಿಲ್ಲ. 10ರಿಂದ ಶುರುವಾಗುವ ಸರಣಿಗೆ ಹೋಗೋಣ ಅಂತ ತೀರ್ಮಾನವಾಯಿತು. ಭಾನುವಾರ ಇವರೊಬ್ಬರೇ ಕೂತು ಸರ್ವರಿನ ಐಪಿ ಬದಲಿಸಿದರು. ಸೋಮವಾರ ಬೆಳಿಗ್ಗೆ ಬಿಲ್ಲಿಂಗ್ ತೆರೆಯಲಿಲ್ಲ, ಹಾಜರಿ ಮೆಷಿನ್‌ನ ಲೆಕ್ಕ ಬರಲಿಲ್ಲ. ಮಾಲೀಕರು ಎಲ್ಲರೆದುರೇ ಬೈದರು.

ಎರಡನೇ ಸಲ ಬಂದಾಗ ಒಂದು ಹಾಳೆ ಕೊಟ್ಟೆ. “ಸರ್ವರಿನ ಹಳೆಯ ನಂಬರ್ ಯಾವ್ಯಾವುದರಲ್ಲಿ ಇತ್ತು, ಬರೀರಿ” ಅಂದೆ. “ಎಲ್ಲಾ ನನ್ನ ತಲೇಲೇ ಇದೆ, ಮೇಡಂ” ಅಂದರು. “ಇರಲಿ, ಬರೀರಿ.”

ಬರೆಯುತ್ತಾ ಅವರೇ ವಿವರಿಸಿದರು. ಸರ್ವರನ್ನು ಹೆಸರಿನಿಂದ ಹುಡುಕುವ ಕಂಪ್ಯೂಟರ್ ಡಿಎನ್‌ಎಸ್ (ಹೆಸರಿಗೆ ತಕ್ಕ ನಂಬರ್ ಹೇಳುವ ವ್ಯವಸ್ಥೆ) ಕೇಳಿ ಹೊಸ ವಿಳಾಸ ತಿಳಿದುಕೊಳ್ಳುತ್ತದೆ. ನಂಬರನ್ನೇ ಒಳಗೆ ಹಾಕಿಟ್ಟಿರುವ ಮೆಷಿನ್ ಹಳೆಯದನ್ನೇ ಹುಡುಕುತ್ತಾ ಕೂರುತ್ತದೆ. ಹಾಜರಿ ಮೆಷಿನ್, ಮೂರನೇ ಮಹಡಿಯ ಸ್ಕ್ಯಾನರ್, ಬಿಲ್ಲಿಂಗ್‌ನ ಕಾನ್ಫಿಗ್ ಫೈಲ್, ಯಾರೋ ಎಂದೋ ತಿದ್ದಿಟ್ಟ ಹೋಸ್ಟ್ಸ್ ಫೈಲ್ (ಕಂಪ್ಯೂಟರಿನಲ್ಲೇ ಇರುವ ಹೆಸರು-ನಂಬರ್ ಪಟ್ಟಿ), ರಾತ್ರಿ ಬ್ಯಾಕಪ್... ಹಾಳೆಯ ಅರ್ಧಕ್ಕೆ ಪೆನ್ನು ನಿಂತಿತು.

“ಇದನ್ನ ಯಾಕೆ ಇಷ್ಟು ವರ್ಷ ಬರೆದಿಡಲಿಲ್ಲ ಗೊತ್ತಾ ಮೇಡಂ? ಬರೆದಿಟ್ರೆ ಅವರಿಗೆ ನಾನು ಬೇಡವಾಗ್ತೀನಿ.”

ಸ್ವಲ್ಪ ಹೊತ್ತು ನಾನೂ ಸುಮ್ಮನಿದ್ದೆ. ಆಮೇಲೆ ಕೇಳಿದೆ, “ನಿಮಗೆ ಜ್ವರ ಬಂದು ಮಲಗಿದ ದಿನ?” “ಮಲಗಿಕೊಂಡೇ ಫೋನಲ್ಲಿ ಹೇಳಿದೀನಿ.” ಹೆಂಡತಿಯ ಹೆರಿಗೆಯ ದಿನವೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಯಾರಿಗೋ ಪಾಸ್‌ವರ್ಡ್ ಹೇಳಿದ್ದರಂತೆ.

ನಾನು ಕೊಟ್ಟ ಸಲಹೆ: ಹಾಳೆ ಪೂರ್ತಿ ಮಾಡಿ ಮಾಲೀಕರ ಕೈಗೆ ಕೊಡಿ. ಮುಂದಿನ ತಿಂಗಳು ಬ್ರಾಂಚ್ ಆಫೀಸಿನದೂ ಬದಲಿಸಬೇಕಲ್ಲ, ಅದಕ್ಕೆ ಇನ್ನೊಬ್ಬರು ಬೇಕು ಅಂತ ಬರಹದಲ್ಲಿ ಕೇಳಿ. ಕೈಕೊಟ್ಟರೆ ಎಷ್ಟು ಗಂಟೆಗೆ ವಾಪಸ್ ಹಳೆಯದಕ್ಕೆ ಹೋಗುವುದು ಅಂತ ಮೊದಲೇ ಒಪ್ಪಿಸಿಕೊಳ್ಳಿ.

ಇದು ಆಪ್ತಸಲಹೆಯಾ ಆಫೀಸ್ ಸಲಹೆಯಾ ಅಂತ ಒಬ್ಬ ಸಹೋದ್ಯೋಗಿ ಕೇಳಿದರು. ಕೇಳಲಿ. ಉಸಿರಾಟದ ಅಭ್ಯಾಸ ನಾನೂ ಹೇಳಿಕೊಟ್ಟೆ. ನಿದ್ದೆ ಹೀಗೇ ಕೆಟ್ಟರೆ ಮನೋವೈದ್ಯರನ್ನು ನೋಡಿ, ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಅಂತಲೂ ಹೇಳಿದೆ. ಆದರೆ ಇಡೀ ಆಫೀಸಿನ ಭಾರ ಒಬ್ಬರ ತಲೆಯಲ್ಲಿದ್ದರೆ ಆ ತಲೆಗೆ ನಿದ್ದೆ ಬಾರದಿರುವುದು ಕಾಯಿಲೆಯಲ್ಲ. ಅದನ್ನು ಕಾಯಿಲೆ ಅಂತ ಒಪ್ಪಿಸಿ ಮನೆಗೆ ಕಳಿಸಿದರೆ ಮಾಲೀಕರಿಗೆ ಮಾತ್ರ ಆರಾಮ. ಹಾಳೆ ಕೊಟ್ಟ ಮೇಲೆ ಕೆಲಸ ಹೋಗಲ್ಲ ಅಂತ ನಾನು ಮಾತು ಕೊಡಲಿಲ್ಲ. ಹೋಗಬಹುದು. ಅದನ್ನೂ ಹೇಳಿಯೇ ಕಳಿಸಿದೆ.

ಹಾಳೆ ನೋಡಿ ಮಾಲೀಕರು ಅಂದದ್ದು, “ಇಷ್ಟು ದಿನ ಯಾಕೆ ಕೊಡಲಿಲ್ಲ?” ಇವರು ಸಿಟ್ಟಿನಿಂದಲೇ ನನ್ನ ಹತ್ತಿರ ಬಂದರು. ಸಿಟ್ಟು ನ್ಯಾಯವೇ, ಪ್ರಶ್ನೆಯೂ ನ್ಯಾಯವೇ ಅಂದೆ. ಅವರಿಗೆ ಅಷ್ಟು ಇಷ್ಟವಾಗಲಿಲ್ಲ.

ಬ್ರಾಂಚ್ ಕೆಲಸಕ್ಕೆ ತಯಾರಿ ಅವರೇ ಬರೆದುಕೊಂಡರು. ಎರಡು ದಿನ ಮುಂಚೆಯೇ ಡಿಎನ್‌ಎಸ್ ಟಿಟಿಎಲ್ (ಡಿಎನ್‌ಎಸ್ ಹೇಳಿದ ವಿಳಾಸವನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಅವಧಿ) 86400ರಿಂದ 300 ಸೆಕೆಂಡಿಗೆ ಇಳಿಸುವುದು, ಹಳೆಯ ಐಪಿಯನ್ನೂ ಸರ್ವರಿನಲ್ಲಿ ಕೆಲವು ದಿನ ಉಳಿಸಿಕೊಳ್ಳುವುದು, ಹಾಳೆ ಹಿಡಿದು ಒಂದೊಂದೇ ಮೆಷಿನ್ ನೋಡುವುದು. ಕಾಯಂ ಆಗಿ ಇನ್ನೊಬ್ಬರನ್ನು ಕೊಡಲು ಮಾಲೀಕರು ಒಪ್ಪಿಲ್ಲ. ಆ ಶನಿವಾರ, ಭಾನುವಾರ, ಸೋಮವಾರಕ್ಕೆ ಹೊರಗಿನಿಂದ ಒಬ್ಬ ಹುಡುಗನನ್ನು ಕೊಡುತ್ತಾರಂತೆ.