ಅಪ್ಪನ ಅಂಗಿಯ ಬಿಳಿ ಹುಡಿ

ಉಡುಪಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ:

‘ಅಮ್ಮನಿಗೆ 68 ವರ್ಷ. ಕೆಲವು ತಿಂಗಳಿಂದ ಏದುಸಿರು, ಬಲಪಕ್ಕೆಯಲ್ಲಿ ಬಿಡದ ನೋವು. ಎದೆಯಿಂದ ಎರಡು ಸಲ ನೀರು ತೆಗೆದರು. ಟಿಬಿ ಇರಬಹುದೆಂದು ಮಾತ್ರೆಯನ್ನೂ ಕೊಟ್ಟರು. ಈಗ ಬಯಾಪ್ಸಿ ಮಾಡಿ ಮೀಸೋಥೀಲಿಯೋಮಾ ಎಂದಿದ್ದಾರೆ, ಕಲ್ನಾರಿನಿಂದ (ಆಸ್ಬೆಸ್ಟಾಸ್) ಬರುವ ಕ್ಯಾನ್ಸರ್ ಅಂತೆ. ಅಮ್ಮ ಬೀಡಿ ಸಿಗರೇಟು ಮುಟ್ಟಿದವರಲ್ಲ, ಮನೆ ಬಿಟ್ಟು ಕೆಲಸಕ್ಕೆ ಹೋದವರೂ ಅಲ್ಲ. ತೀರಿಹೋದ ಅಪ್ಪ 1990ರವರೆಗೆ ಮುಂಬೈಯ ಒಂದು ಹಡಗು ರಿಪೇರಿ ಯಾರ್ಡಿನಲ್ಲಿ ಪೈಪುಗಳಿಗೆ ಲ್ಯಾಗಿಂಗ್, ಅಂದರೆ ಶಾಖ ತಡೆಯುವ ಹೊದಿಕೆ, ಸುತ್ತುತ್ತಿದ್ದರು. ಸಂಜೆ ಮನೆಗೆ ಬಂದರೆ ಅಂಗಿಯಿಂದ ಬಿಳಿ ಹುಡಿ ಉದುರುತ್ತಿತ್ತಂತೆ. ಊರಲ್ಲಿ ನಮ್ಮ ಕೊಟ್ಟಿಗೆಗೆ ಸಿಮೆಂಟ್ ಶೀಟು ಇದೆ. ಅದರಿಂದಲೇ ಬಂದದ್ದು, ಕಿತ್ತು ಬಿಸಾಡಿ ಎಂದು ನೆಂಟರು ಹೇಳುತ್ತಿದ್ದಾರೆ. ಚಿಕಿತ್ಸೆ ಇದೆಯೇ? ನಮಗೂ ಮಕ್ಕಳಿಗೂ ಬರುತ್ತದೆಯೇ?’

ಮಾನ್ಯರೇ,

ನೆಂಟರ ಮಾತನ್ನು ಸದ್ಯಕ್ಕೆ ಬದಿಗಿಡಿ. ಅಂಗಿಯ ಹುಡಿಯ ಬಗ್ಗೆ ನೀವು ಹಾಗೇ ಒಂದು ವಾಕ್ಯ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ನಿಂತದ್ದು ಅಲ್ಲಿಯೇ. ಅಮ್ಮನ ಡಾಕ್ಟರಿಗೆ ಇದನ್ನು ಹೇಳಿದ್ದೀರಾ? ಹೇಳಿರದಿದ್ದರೆ ನಾಳೆಯೇ ಹೇಳಿ, ಕೇಸ್ ಶೀಟಿನಲ್ಲಿ ಬರೆಸಿ.

ಹಳೆಯ ಹಡಗುಗಳ ಬಾಯ್ಲರಿಗೆ, ಉಗಿ ಪೈಪುಗಳಿಗೆ ಸುತ್ತುತ್ತಿದ್ದ ಲ್ಯಾಗಿಂಗಿನಲ್ಲಿ ಕಲ್ನಾರು ಧಾರಾಳವಾಗಿರುತ್ತಿತ್ತು, ಅದರಲ್ಲೂ ಹೆಚ್ಚು ಅಪಾಯದ ಕಂದು, ನೀಲಿ ಜಾತಿಯದು. ರಿಪೇರಿ ಎಂದರೆ ಹಳೆಯದನ್ನು ಒಡೆದು ತೆಗೆದು ಹೊಸದನ್ನು ಸುತ್ತುವುದು. ಒಡೆಯುವಾಗ ಏಳುವ ಹುಡಿ ತಲೆಗೂದಲಿಗೆ, ಅಂಗಿ ಚಡ್ಡಿಗೆ ಹತ್ತಿ ಮನೆಗೆ ಬರುತ್ತದೆ. ಒಗೆಯುವ ಮೊದಲು ಅಂಗಿಯನ್ನು ಕೊಡವುವುದು ಎಲ್ಲ ಮನೆಗಳಲ್ಲೂ ಇದ್ದ ಅಭ್ಯಾಸ. ಚಾಳಿನ ಸಣ್ಣ ಖೋಲಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಇದು ನನ್ನ ಊಹೆಯಲ್ಲ. ಲಂಡನ್ನಿನ ಒಂದು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಹಿಡಿದು ಮಾಲಿ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಎಂಬ ಇಬ್ಬರು ಮಹಿಳೆಯರು 76 ಮೀಸೋಥೀಲಿಯೋಮಾ ರೋಗಿಗಳ ಬದುಕಿನ ವಿವರ ಕಲೆಹಾಕಿ 1965ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸದಿಂದಲೋ ಮನೆಯವರಿಂದಲೋ ಕಲ್ನಾರಿನ ನಂಟಿತ್ತು. ಮನೆಯವರಿಂದ ಬಂದದ್ದರಲ್ಲಿ ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ಗಂಡನ ಕೆಲಸದ ಬಟ್ಟೆ ತೊಳೆದ ಹೆಂಡತಿಯ ಕಥೆ. ಕೆಲವರಿಗೆ ಅದೂ ಇರಲಿಲ್ಲ, ಕಲ್ನಾರಿನ ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದರು ಅಷ್ಟೆ. ಅದಕ್ಕೂ ಐದು ವರ್ಷ ಮೊದಲು, 1960ರಲ್ಲಿ, ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನೀಲಿ ಕಲ್ನಾರಿನ ಗಣಿ ಸೀಮೆಯಿಂದ ವ್ಯಾಗ್ನರ್ ಮತ್ತು ಸಂಗಡಿಗರು 33 ರೋಗಿಗಳ ವಿವರ ಬರೆದಿದ್ದರು. ಗಣಿಗೆ ಇಳಿಯದೆ ಆ ಸೀಮೆಯಲ್ಲಿ ಬಾಲ್ಯ ಕಳೆದವರೂ ಅವರಲ್ಲಿದ್ದರು. ಅಂದರೆ ನಿಮ್ಮಪ್ಪ ಯಾರ್ಡಿಗೆ ಹೋಗುತ್ತಿದ್ದ ಕಾಲಕ್ಕೆ ಈ ಸಂಗತಿ ಗುಟ್ಟಾಗಿ ಉಳಿದಿರಲಿಲ್ಲ. ಬಟ್ಟೆ ಅಲ್ಲೇ ಬದಲಿಸಿ ಮನೆಗೆ ಹೋಗಿ ಎಂದು ಹೇಳಲು ದೊಡ್ಡ ವಿಜ್ಞಾನವೇನೂ ಬೇಕಿರಲಿಲ್ಲ.

ಅಷ್ಟು ಹಿಂದಿನದು ಈಗೇಕೆ ಎಂದು ನಿಮಗೆ ಅನ್ನಿಸಬಹುದು. ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಪೂರ. ಉಸಿರಿನೊಂದಿಗೆ ಶ್ವಾಸಕೋಶದ ತುದಿಗೆ ಹೋಗಿ, ಅಲ್ಲಿಂದ ಅದರ ಹೊರಗಿನ ತೆಳು ಹೊದಿಕೆಗೆ, ಪ್ಲೂರಾ ಎನ್ನುತ್ತಾರಲ್ಲ, ಅಲ್ಲಿಗೆ ತಲುಪುತ್ತದೆ. ಹೊರಗಿನಿಂದ ಬಂದದ್ದನ್ನು ನುಂಗಿ ಹಾಕುವ ಕೋಶಗಳು ನಮ್ಮ ಮೈಯಲ್ಲಿವೆ. ಆದರೆ ಎಳೆ ಅವುಗಳಿಗಿಂತ ಉದ್ದ. ನುಂಗಲೂ ಆಗದೆ ಕರಗಿಸಲೂ ಆಗದೆ ಆ ಜಾಗ ವರ್ಷಗಟ್ಟಲೆ ಕೆರಳಿಕೊಂಡೇ ಇರುತ್ತದೆ. ಆ ಕೆರಳಿಕೆಯಲ್ಲಿ ಪಕ್ಕದ ಕೋಶಗಳ ಡಿಎನ್‌ಎ ಕೆಡುತ್ತಾ ಹೋಗಿ ಕೊನೆಗೊಮ್ಮೆ ಕ್ಯಾನ್ಸರ್ ಹುಟ್ಟುತ್ತದೆ. ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಬೀಡಿ ಸಿಗರೇಟಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. (ಶ್ವಾಸಕೋಶದ ಕ್ಯಾನ್ಸರ್ ಬೇರೆ. ಕಲ್ನಾರು, ಹೊಗೆ ಎರಡೂ ಸೇರಿದರೆ ಅದರ ಅಪಾಯ ಒಂದರ ಮೇಲೊಂದು ಪೇರುತ್ತದೆ.)

ಟಿಬಿ ಮಾತ್ರೆ ಕೊಟ್ಟರೆಂದು ಮೊದಲ ಡಾಕ್ಟರ ಮೇಲೆ ಕೋಪ ಬೇಡ. ನಮ್ಮ ದೇಶದಲ್ಲಿ ಪ್ಲೂರಾದಲ್ಲಿ ನೀರು ತುಂಬಿದರೆ ಮೊದಲ ಅನುಮಾನ ಟಿಬಿಯ ಮೇಲೆಯೇ ಹೋಗುತ್ತದೆ, ಬಹಳ ಸಲ ಅದು ಸರಿಯೂ ಆಗಿರುತ್ತದೆ. ತೆಗೆದ ನೀರಿನ ಪರೀಕ್ಷೆಯೊಂದರಿಂದಲೇ ಮೀಸೋಥೀಲಿಯೋಮಾ ಗುರುತಿಸುವುದು ಕಷ್ಟ. ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ಹೊದಿಕೆಯ ಚೂರು ತೆಗೆದು, ಬಣ್ಣ ಕಟ್ಟುವ ವಿಶೇಷ ಪರೀಕ್ಷೆಗಳನ್ನು ಮಾಡಬೇಕಾಗುತ್ತದೆ. ನನ್ನ ತಕರಾರು ಬೇರೆ. ‘ಊಟ ಸೇರುತ್ತದೆಯಾ, ಕೆಮ್ಮು ಎಷ್ಟು ದಿನದಿಂದ’ ಎಂದು ಕೇಳುವ ನಾವು ‘ಮೂವತ್ತು ವರ್ಷದ ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ’ ಎಂದು ಕೇಳುವುದಿಲ್ಲ. ಹೆಂಗಸರಾದರೆ ‘ಹೌಸ್ ವೈಫ್’ ಎಂದು ಬರೆದು ಮುಗಿಸುತ್ತೇವೆ. ಗಂಡನ ಕೆಲಸ ಏನಿತ್ತು ಎಂಬ ಕಾಲಂ ಫಾರಮಿನಲ್ಲೇ ಇರುವುದಿಲ್ಲ. ನಮ್ಮಲ್ಲಿ ಈ ಕಾಯಿಲೆ ಲೆಕ್ಕಕ್ಕೆ ಸಿಗದಿರಲು ಇದೂ ಒಂದು ಕಾರಣ ಎಂದು ನನ್ನ ನಂಬಿಕೆ.

ಚಿಕಿತ್ಸೆಯ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳಲಾರೆ. ಪೂರ್ತಿ ಗುಣವಾಗುವ ಕಾಯಿಲೆ ಇದಲ್ಲ. ಪೆಮೆಟ್ರೆಕ್ಸೆಡ್ ಮತ್ತು ಸಿಸ್ಪ್ಲಾಟಿನ್ ಜೋಡಿ ಕೀಮೋ 2004ರಿಂದ ಬಳಕೆಯಲ್ಲಿದೆ. 2020ರಲ್ಲಿ ಅಮೆರಿಕದಲ್ಲಿ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎಂಬ ಎರಡು ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ) ಔಷಧಗಳಿಗೆ ಒಟ್ಟಿಗೆ ಅನುಮತಿ ಸಿಕ್ಕಿತು. ಆ ಅನುಮತಿಗೆ ಆಧಾರವಾದ ಅಧ್ಯಯನದಲ್ಲಿ ಕೀಮೋ ಪಡೆದವರಲ್ಲಿ ಅರ್ಧದಷ್ಟು ಮಂದಿ 14 ತಿಂಗಳು ದಾಟಿದರೆ, ಇವನ್ನು ಪಡೆದವರಲ್ಲಿ ಅರ್ಧದಷ್ಟು ಮಂದಿ 18 ತಿಂಗಳು ದಾಟಿದರು. ಇನ್ನರ್ಧ ಮಂದಿಗೆ ಅಷ್ಟು ಸಿಗಲಿಲ್ಲ, ಕೆಲವರು ವರ್ಷಗಟ್ಟಲೆ ಬದುಕಿದರು. ಅಮ್ಮ ಯಾವ ಕಡೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಬಯಾಪ್ಸಿ ವರದಿಯಲ್ಲಿ ‘ಎಪಿಥೀಲಿಯಾಯ್ಡ್’ ಎಂದಿದೆಯೋ ‘ಸಾರ್ಕೊಮಟಾಯ್ಡ್’ ಎಂದಿದೆಯೋ ಕೇಳಿ. ಇವು ಈ ಕ್ಯಾನ್ಸರಿನ ಬಗೆಗಳು, ಮೊದಲನೆಯದು ತುಸು ನಿಧಾನದ್ದು. ಇಮ್ಯುನೋಥೆರಪಿಯ ಖರ್ಚು ವಿಪರೀತ. ಮನೆ ಅಡವಿಡುವ ಮೊದಲು ಬೆಂಗಳೂರಿನ ಕಿದ್ವಾಯಿಯಂಥ ಕಡೆ ಇನ್ನೊಂದು ಅಭಿಪ್ರಾಯ ತೆಗೆದುಕೊಳ್ಳಿ. ನೀರು ಮತ್ತೆ ಮತ್ತೆ ತುಂಬುತ್ತಿದ್ದರೆ ಅದು ನಿಲ್ಲುವಂತೆ ಮಾಡುವ ವಿಧಾನಗಳಿವೆ, ಅವುಗಳಿಂದ ಉಸಿರು ಹಗುರಾಗುತ್ತದೆ. ನೋವಿಗೆ ಮಾರ್ಫೀನ್ ಬರೆದರೆ ಹೆದರಿ ಬೇಡ ಎನ್ನಬೇಡಿ.

ಇನ್ನು ಕೊಟ್ಟಿಗೆಯ ಶೀಟು. ಸಿಮೆಂಟ್ ಶೀಟಿನಲ್ಲಿ ಕಲ್ನಾರಿನ ಪಾಲು ನೂರಕ್ಕೆ ಹತ್ತರ ಆಸುಪಾಸು, ಉಳಿದದ್ದು ಹೆಚ್ಚಾಗಿ ಸಿಮೆಂಟು. ಗಟ್ಟಿಯಾಗಿ ಕೂತ ಶೀಟು ತನ್ನಷ್ಟಕ್ಕೆ ಹೆಚ್ಚು ಎಳೆ ಬಿಡುವುದಿಲ್ಲ. ಅಮ್ಮನ ಕಾಯಿಲೆಗೆ ಅದನ್ನು ಹೊಣೆ ಮಾಡುವುದು ನನಗೆ ಸರಿ ಕಾಣದು. ಆದರೆ ನೆಂಟರ ಮಾತು ಕೇಳಿ ಸುತ್ತಿಗೆ ತೆಗೆದುಕೊಂಡು ಮಾಡಿನ ಮೇಲೆ ಹತ್ತಿದರೆ ಇಲ್ಲದ ಅಪಾಯವನ್ನು ನೀವೇ ಕರೆದಂತೆ. ಮಷೀನಿನಿಂದ ಕೊಯ್ಯುವುದು, ತೂತು ಕೊರೆಯುವುದು, ಮಳೆಗಾಲ ಕಳೆದ ಮೇಲೆ ಪಾಚಿಯನ್ನು ಒಣಗಿಸಿ ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಇವುಗಳಿಂದ ಹುಡಿ ಏಳುತ್ತದೆ. ತೆಗೆಯಲೇಬೇಕಾದರೆ ಚೆನ್ನಾಗಿ ನೀರು ಹಾಯಿಸಿ ಒದ್ದೆ ಮಾಡಿ, ಬೋಲ್ಟು ಬಿಚ್ಚಿ ಇಡೀ ಶೀಟನ್ನೇ ಇಳಿಸಬೇಕು. ಮುಖಕ್ಕೆ ಬೈರಾಸು ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಒಡೆದ ಚೂರನ್ನು ಅಂಗಳದ ಗುಂಡಿಗೆ ತುಂಬಿಸಬೇಡಿ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಇಟಲಿಯ ಕಸಾಲೆ ಮೊನ್‌ಫೆರಾಟೊ ಎಂಬ ಪೇಟೆಯಲ್ಲಿ 1907ರಿಂದ 1986ರವರೆಗೆ ಎಟರ್ನಿಟ್ ಕಾರ್ಖಾನೆ ಇತ್ತು. ಕಲ್ನಾರು ಸಿಮೆಂಟಿನ ಶೀಟು, ಪೈಪುಗಳೇ ಅಲ್ಲಿ ತಯಾರಾಗುತ್ತಿದ್ದವು. ಕಾರ್ಖಾನೆಯಲ್ಲಿ ಉಳಿದ ಹುಡಿಯನ್ನು ಜನ ಒಯ್ದು ಅಂಗಳಕ್ಕೆ, ದಾರಿಗೆ ಹಾಸಿದರು, ಚಳಿ ತಡೆಯಲೆಂದು ಅಟ್ಟದಲ್ಲಿ ತುಂಬಿದರು. ಬಾಗಿಲು ಮುಚ್ಚಿ ದಶಕಗಳಾದ ಮೇಲೂ ಸುಮಾರು 35 ಸಾವಿರ ಜನರ ಆ ಪೇಟೆ ಮತ್ತು ಸುತ್ತಲಿನಲ್ಲಿ ವರ್ಷಕ್ಕೆ 50ರಷ್ಟು ಜನರಿಗೆ ಮೀಸೋಥೀಲಿಯೋಮಾ ಬರುತ್ತಿತ್ತು. ಅವರಲ್ಲಿ ಬಹಳ ಮಂದಿ ಕಾರ್ಖಾನೆಯ ಗೇಟು ದಾಟಿದವರೇ ಅಲ್ಲ. 2012ರಲ್ಲಿ ಟ್ಯೂರಿನ್ ಕೋರ್ಟು ಮಾಲೀಕನಿಗೆ ಜೈಲು ಶಿಕ್ಷೆ ವಿಧಿಸಿತು. 2014ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಕಾಲಮಿತಿ ಮೀರಿದೆ ಎಂದು ಅದನ್ನು ರದ್ದು ಮಾಡಿತು. ನಲವತ್ತು ವರ್ಷ ಅಡಗಿ ಕೂರುವ ಕಾಯಿಲೆಗೆ ಕಾಲಮಿತಿಯ ಕಾನೂನು!

ಇಟಲಿ 1992ರಲ್ಲೇ ಕಲ್ನಾರನ್ನು ನಿಷೇಧಿಸಿತು. ನಾವು ಗಣಿಗಾರಿಕೆ ನಿಲ್ಲಿಸಿ, ಲಕ್ಷಗಟ್ಟಲೆ ಟನ್ ಬಿಳಿ ಕಲ್ನಾರನ್ನು ರಷ್ಯಾ ಮೊದಲಾದ ಕಡೆಗಳಿಂದ ತರಿಸಿಕೊಂಡು ಶೀಟು ಮಾಡುತ್ತಲೇ ಇದ್ದೇವೆ. ಬಿಳಿಯದು ನಿರಪಾಯ ಎಂಬ ಉದ್ಯಮದ ವಾದವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಲ್ಲ. ಆದರೂ ಬಡವರ ಮಾಡಿಗೆ ಅದಕ್ಕಿಂತ ಅಗ್ಗದ್ದು ಏನಿದೆ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ.

ನಿಮಗೆ ಬರುತ್ತದೆಯೇ? ಆ ಮನೆಯಲ್ಲಿ ಬೆಳೆದವರಾದ್ದರಿಂದ ನಿಮ್ಮ ಅಪಾಯ ಉಳಿದವರಿಗಿಂತ ಹೆಚ್ಚು, ಆದರೆ ಹಾಗೆ ಬೆಳೆದವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದಿಲ್ಲ. ಮೊದಲೇ ಹಿಡಿದು ಜೀವ ಉಳಿಸುವಂಥ ತಪಾಸಣೆ ಇನ್ನೂ ಇಲ್ಲ, ಆದ್ದರಿಂದ ವರ್ಷ ವರ್ಷ ಸಿಟಿ ಸ್ಕ್ಯಾನ್ ಮಾಡಿಸುವ ಪ್ಯಾಕೇಜುಗಳಿಗೆ ದುಡ್ಡು ಸುರಿಯಬೇಡಿ. ಬಿಡದ ಏದುಸಿರು, ಪಕ್ಕೆನೋವು ಕಂಡರೆ ಅಪ್ಪನ ಕೆಲಸದ ಮಾತನ್ನು ಮೊದಲು ಹೇಳಿ. ಯಾರ್ಡಿನ ಕಾಲ ಮುಗಿದ ಮೇಲೆ ಹುಟ್ಟಿದ ನಿಮ್ಮ ಮಕ್ಕಳ ಚಿಂತೆ ಬಿಡಿ.

ಪರಿಹಾರದ ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಉದ್ದಿಮೆಗಳಿಗೆ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಲು ಆದೇಶಿಸಿತು, ಕಾಯಿಲೆ ದೃಢಪಟ್ಟವರಿಗೆ ಒಂದು ಲಕ್ಷ ರೂಪಾಯಿ ಕೊಡಲೂ ಹೇಳಿತು. ಅದೆಲ್ಲ ಕಾರ್ಮಿಕನಿಗೆ. ಅವನ ಬಟ್ಟೆ ಒಗೆದವಳ ಹೆಸರು ಅದರಲ್ಲಿಲ್ಲ. ಬ್ರಿಟನ್ನಿನಲ್ಲಿ 2008ರ ಯೋಜನೆಯೊಂದು ಮನೆಯವರ ಬಟ್ಟೆಯಿಂದ ಕಾಯಿಲೆ ಬಂದವರಿಗೂ ಹಣ ಕೊಡುತ್ತದೆ. ಇಲ್ಲಿ ನಿಮಗೆ ದಾರಿ ಸುಲಭವಿಲ್ಲ. ಹಾಗಿದ್ದರೂ ಅಪ್ಪನ ಪಿಎಫ್ ಚೀಟಿ, ಗೇಟ್ ಪಾಸ್, ಸರ್ವೀಸ್ ಸರ್ಟಿಫಿಕೇಟು ಏನಿದ್ದರೂ ಎಸೆಯದೆ ಬಯಾಪ್ಸಿ ವರದಿಯ ಜತೆ ಒಂದೇ ಫೈಲಿಗೆ ಹಾಕಿ, ಕಾರ್ಮಿಕ ವಿಷಯ ಬಲ್ಲ ವಕೀಲರೊಬ್ಬರಿಗೆ ತೋರಿಸಿ. ಅಪ್ಪನ ಜೊತೆ ದುಡಿದವರು ಊರಕಡೆ ಯಾರಾದರೂ ಇದ್ದರೆ ಅವರನ್ನೂ ಮಾತಾಡಿಸಿ, ಅವರ ಮನೆಯವರ ಕೆಮ್ಮನ್ನೂ ವಿಚಾರಿಸಿ.

– ಸಂಪಾದಕ