ಕಾಗದ ಕೇಳುವವರು ಯಾರು?

ಹಾಸನದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ನಾನು ಅಲ್ಲಿದ್ದಾಗ, ವಾಕಿಂಗ್‌ಗೆ ಹೊರಟರೂ ಪಾಸ್‌ಪೋರ್ಟ್ ಜೇಬಲ್ಲಿರಲಿ ಅಪ್ಪ ಅನ್ನುತ್ತಿದ್ದ. ಆದರೂ ಕೇಳುತ್ತೇನೆ. ಗಡಿ ರಾಜ್ಯ ತನ್ನ ಗಡಿಯನ್ನು ತಾನೇ ಕಾದುಕೊಂಡರೆ ತಪ್ಪೇನು? ಕೇಂದ್ರ ಸರ್ಕಾರ ಯಾಕೆ ಅಡ್ಡ ಬರಬೇಕು?’

ಮೇಷ್ಟ್ರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ದಾಟಿ ಬಂದವರ ಊಟ, ವಸತಿ, ಆಸ್ಪತ್ರೆಯ ಭಾರ ಮೊದಲು ಬೀಳುವುದು ಗಡಿಯ ಊರುಗಳ ಮೇಲೆ. ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. ಆದರೂ ಈ ಅಧಿಕಾರ ಕೇಂದ್ರದ ಕೈಯಲ್ಲೇ ಇರಬೇಕು ಎಂದು ನಾನು ನಂಬುತ್ತೇನೆ.

ಒಂದು ಹಳೆಯ ಪ್ರಕರಣ ಕೇಳಿ. 1874ರಲ್ಲಿ ಚೀನಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ಹಡಗು ಬಂತು. ಕ್ಯಾಲಿಫೋರ್ನಿಯಾದ ಒಬ್ಬ ಅಧಿಕಾರಿ ಹಡಗು ಹತ್ತಿ, ಬರೀ ಕಣ್ಣಂದಾಜಿನಲ್ಲಿ 22 ಹೆಂಗಸರನ್ನು ‘ನಡತೆಗೆಟ್ಟವರು’ ಎಂದುಬಿಟ್ಟ. ರಾಜ್ಯದ ಕಾಯ್ದೆಯೊಂದನ್ನು ಹಿಡಿದು, ತಲೆಗೆ 500 ಡಾಲರ್ ಜಾಮೀನು ಕೊಟ್ಟರೆ ಮಾತ್ರ ಇಳಿಯಬಹುದು ಎಂದ. 1876ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ರದ್ದು ಮಾಡಿತು. ಒಂದು ರಾಜ್ಯ ಹೀಗೆ ನಡೆದುಕೊಂಡು ಬೇರೆ ದೇಶದ ಜೊತೆ ಜಗಳ ತಂದರೆ, ಅದನ್ನು ಅನುಭವಿಸುವುದು ಇಡೀ ದೇಶ ಅಲ್ವಾ? ಕೋರ್ಟು ಕೇಳಿದ್ದೂ ಇದನ್ನೇ.

ಈಗ ನಿಮ್ಮ ಜೇಬಿನ ಪಾಸ್‌ಪೋರ್ಟ್‌ಗೆ ಬರೋಣ. 18 ದಾಟಿದ ವಿದೇಶಿಯರು ನೋಂದಣಿ ದಾಖಲೆ ಜೊತೆಗಿಟ್ಟುಕೊಳ್ಳಬೇಕು ಎಂಬುದು ಕೇಂದ್ರದ ಕಾನೂನು. ಅರಿಜೋನಾ 2010ರಲ್ಲಿ ಎಸ್‌ಬಿ 1070 ಎಂಬ ಕಾಯ್ದೆ ತಂದು, ದಾಖಲೆ ಇಲ್ಲದಿರುವುದನ್ನು ರಾಜ್ಯದ ಅಪರಾಧವನ್ನಾಗಿಯೂ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ, ಇನ್ನೆರಡು ಕಲಮುಗಳನ್ನೂ ತೆಗೆದುಹಾಕಿತು. ಒಂದನ್ನು ಮಾತ್ರ ಉಳಿಸಿತು: ಬೇರೆ ಕಾರಣಕ್ಕೆ ತಡೆದವರ ಮೇಲೆ ಅನುಮಾನ ಬಂದರೆ ಪೊಲೀಸರು ವಲಸೆ ಸ್ಥಿತಿ ವಿಚಾರಿಸಬೇಕು. ನನಗೆ ಜಾಸ್ತಿ ಕಳವಳ ಇದರ ಬಗ್ಗೆಯೇ. ಬಣ್ಣ ನೋಡಬಾರದು ಎಂದು ಕಾಯ್ದೆಯಲ್ಲಿ ಬರೆದಿದೆ, ನಿಜ. ಆದರೆ ರಾತ್ರಿ ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿದ ಪೊಲೀಸನಿಗೆ ಕಾಣುವುದು ಮುಖ, ಕೇಳಿಸುವುದು ಉಚ್ಚಾರಣೆ. ಇಂಥ ಭಯ ಹಬ್ಬಿದರೆ ಮನೆ ದೋಚಿಸಿಕೊಂಡವರೂ ಠಾಣೆಗೆ ಹೋಗಲು ಹೆದರುತ್ತಾರೆ.

ನಿಮ್ಮ ಮಗನಿರುವ ಟೆಕ್ಸಸ್ 2023ರ ಡಿಸೆಂಬರ್‌ನಲ್ಲಿ ಇನ್ನೂ ಮುಂದೆ ಹೋಯಿತು. ಅಕ್ರಮವಾಗಿ ಗಡಿ ದಾಟಿದವರನ್ನು ರಾಜ್ಯದ ಪೊಲೀಸರೇ ಬಂಧಿಸಬಹುದು, ರಾಜ್ಯದ ನ್ಯಾಯಾಧೀಶರೇ ಮೆಕ್ಸಿಕೋಗೆ ವಾಪಸ್ ಹೋಗಿ ಎಂದು ಆದೇಶಿಸಬಹುದು ಎಂಬ ಕಾಯ್ದೆ ಮಾಡಿತು. ಅದು ಕೂಡಲೇ ಕೋರ್ಟಿನ ಮೆಟ್ಟಿಲೇರಿತು.

ಹಾಗಂತ ರಾಜ್ಯಗಳ ಕೈ ಪೂರ್ತಿ ಕಟ್ಟಿಲ್ಲ. ಕೇಂದ್ರ ತನ್ನ ಕೆಲಸಕ್ಕೆ ರಾಜ್ಯದ ಅಧಿಕಾರಿಗಳನ್ನು ಬಲವಂತವಾಗಿ ದುಡಿಸುವಂತಿಲ್ಲ ಎಂದು 1997ರಲ್ಲಿ, ಬಂದೂಕು ಕಾನೂನಿನ ಒಂದು ಪ್ರಕರಣದಲ್ಲಿ, ತೀರ್ಪಾಗಿದೆ. ಕ್ಯಾಲಿಫೋರ್ನಿಯಾ 2017ರಲ್ಲಿ ತನ್ನ ಪೊಲೀಸರು ವಲಸೆ ಅಧಿಕಾರಿಗಳಿಗೆ ಮಾಡುವ ಸಹಾಯಕ್ಕೆ ಮಿತಿ ಹಾಕಿದ್ದು ಇದೇ ಬಲದ ಮೇಲೆ. ಕೈಜೋಡಿಸಲು ಇಷ್ಟವಿರುವ ರಾಜ್ಯಗಳಿಗೂ ದಾರಿಯಿದೆ. 1996ರ ಕಾನೂನಿನಂತೆ ಒಪ್ಪಂದ ಮಾಡಿಕೊಂಡರೆ, ಕೇಂದ್ರವೇ ಸ್ಥಳೀಯ ಪೊಲೀಸರಿಗೆ ತರಬೇತಿ ಕೊಟ್ಟು, ತನ್ನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿಸುತ್ತದೆ.

ಮಗ ಹೇಳಿದ್ದು ಸರಿಯಾಗಿಯೇ ಇದೆ, ಮೇಷ್ಟ್ರೇ. ಮುಂದಿನ ಸಲ ಹೋದಾಗ ಪಾಸ್‌ಪೋರ್ಟ್ ಜೊತೆ ಐ-94 ಎಂಬ ಪ್ರವೇಶ ದಾಖಲೆಯ ಪ್ರತಿಯನ್ನೂ ಜೇಬಲ್ಲಿಟ್ಟುಕೊಳ್ಳಿ. ನಿಮ್ಮಂಥ ಪ್ರವಾಸಿಗಳಿಗೆ ನೋಂದಣಿ ದಾಖಲೆ ಅಂದರೆ ಅದೇ.

— ಸಂಪಾದಕ